ಕೊನೆಯ ದಿನಗಳಲ್ಲಿ ಹಸಿವು ಯಾಕೆ ಹೋಗುತ್ತದೆ?

ಇನ್ನು ಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂದು ಡಾಕ್ಟರು ಮನೆಗೆ ಕಳಿಸಿದ ಮೇಲೆ, ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಜಗಳ ಶುರುವಾಗುವುದು ಊಟದ ವಿಷಯಕ್ಕೆ. ಮಗಳು ರಾಗಿ ಗಂಜಿ ಹಿಡಿದು "ಇನ್ನೊಂದೇ ಚಮಚ ಅಮ್ಮಾ" ಎಂದು ಗೋಗರೆಯುತ್ತಾಳೆ. ಅಮ್ಮ ತುಟಿ ಬಿಗಿದು ಮುಖ ತಿರುಗಿಸುತ್ತಾರೆ. ನೋಡಲು ಬಂದ ಚಿಕ್ಕಪ್ಪ "ಹೀಗೆ ಬಿಟ್ರೆ ಹೇಗೆ? ಒಂದು ಡ್ರಿಪ್ಪಾದ್ರೂ ಹಾಕ್ಸಿ" ಅನ್ನುತ್ತಾರೆ. ಎಲ್ಲರದೂ ಪ್ರೀತಿಯೇ. ಆದರೆ ದೇಹದೊಳಗೆ ಏನಾಗುತ್ತಿದೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಮುಂದುವರಿದ ಕ್ಯಾನ್ಸರ್‌ನಲ್ಲಿ ಗೆಡ್ಡೆಯೂ ಅದರೊಡನೆ ಹೋರಾಡುವ ರೋಗನಿರೋಧಕ ಕೋಶಗಳೂ ಸೈಟೊಕೈನ್ ಎಂಬ ಪ್ರೋಟೀನುಗಳನ್ನು ರಕ್ತಕ್ಕೆ ಬಿಡುತ್ತವೆ. ಇವು ಮಿದುಳಿನ ಹೈಪೊಥಲಾಮಸ್ ಮೇಲೆ ಕೆಲಸ ಮಾಡಿ ಹಸಿವನ್ನು ಅಡಗಿಸುತ್ತವೆ, ಸ್ನಾಯುಗಳನ್ನು ಕರಗಿಸುತ್ತವೆ. ವೈದ್ಯರು ಇದನ್ನು ಕ್ಯಾಕೆಕ್ಸಿಯಾ ಅನ್ನುತ್ತಾರೆ. ಉಪವಾಸದಿಂದ ಸೊರಗಿದವರು ಹೊಟ್ಟೆಗೆ ಬಿದ್ದರೆ ಚೇತರಿಸಿಕೊಳ್ಳುತ್ತಾರೆ. ಇಲ್ಲಿ ಎಷ್ಟು ಉಣಿಸಿದರೂ ಕರಗಿದ ಮೈ ತುಂಬಿಕೊಳ್ಳುವುದಿಲ್ಲ. ಉಣ್ಣದೆ ಸಾಯುತ್ತಿದ್ದಾರೆಂದು ಮನೆಯವರು ಕೊರಗುತ್ತಾರೆ. ಹಸಿವನ್ನು ಕಸಿದುಕೊಂಡಿದ್ದು ಕಾಯಿಲೆ, ಮಗಳ ಆರೈಕೆಯಲ್ಲಿ ಯಾವ ಕೊರತೆಯೂ ಇಲ್ಲ.

ಡ್ರಿಪ್ ಕಥೆಯೂ ಹೀಗೇ. ಆ ಹೊತ್ತಿಗೆ ಮೂತ್ರಪಿಂಡ ನಿಧಾನವಾಗಿರುತ್ತದೆ, ರಕ್ತದಲ್ಲಿ ನೀರನ್ನು ಹಿಡಿದಿಡುವ ಆಲ್ಬುಮಿನ್ ಇಳಿದಿರುತ್ತದೆ. ಹಾಕಿದ ಸಲೈನ್ ರಕ್ತನಾಳದಿಂದ ಜಿನುಗಿ ಪಾದ ಊದಿಸಬಹುದು, ಎದೆಯಲ್ಲಿ ಸೇರಿ ಉಸಿರಾಟ ಕಷ್ಟ ಮಾಡಬಹುದು. ಬಾಯಿ ಒಣಗುವುದೇ ನಿಜವಾದ ಸಂಕಟ. ಅದಕ್ಕೆ ಒದ್ದೆ ಹತ್ತಿಯಿಂದ ನಾಲಗೆ ಒರೆಸಬೇಕು, ತುಟಿಗೆ ತುಪ್ಪವೋ ವ್ಯಾಸಲೀನೋ ಸವರಬೇಕು. ನುಂಗಲು ಆಗುತ್ತಿದ್ದರೆ ಎಳನೀರು ಒಂದೊಂದೇ ಹನಿ. ನಮ್ಮ ಹಿರಿಯರು ತುಳಸಿ ನೀರು ಬಿಡುತ್ತಿದ್ದುದೂ ಒಂದೆರಡು ಹನಿಯನ್ನೇ. ಆ ದೇಹ ತಾಳಿಕೊಳ್ಳುವುದೂ ಅಷ್ಟನ್ನೇ.

ನೋವನ್ನು ಮಾತ್ರ ಸಹಿಸಿಕೊಳ್ಳಲು ಬಿಡಬಾರದು. ಮಾತ್ರೆಯಾಗಿ ಸಿಗುವ ಮಾರ್ಫಿನ್ ಅನ್ನು ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಕೊಡುತ್ತಾರೆ. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಚಟವಾಗುತ್ತದೆ, ಸಾವು ಬೇಗ ಬರುತ್ತದೆ ಎಂಬ ಭಯ ಬೇಡ. ಮಾರತ್ತಹಳ್ಳಿ ಬಳಿಯ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಇಂಥ ಆರೈಕೆಯನ್ನು ಉಚಿತವಾಗಿ ಕೊಡುತ್ತಿದೆ.

ಮಾತು ನಿಂತ ಮೇಲೂ ಪಕ್ಕದಲ್ಲಿ ಕೂತು ಮಾತಾಡಿ. 2020ರಲ್ಲಿ ಕೆನಡಾದ ಸಂಶೋಧಕರು ಪ್ರಜ್ಞೆ ತಪ್ಪಿದ, ಸಾವಿನಂಚಿನ ರೋಗಿಗಳ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದಾಗ, ಕೆಲವರ ಮಿದುಳು ಶಬ್ದಗಳಿಗೆ ಇನ್ನೂ ಸ್ಪಂದಿಸುತ್ತಿತ್ತು. ಅರ್ಥವಾಗುತ್ತಿತ್ತು ಎಂಬುದಕ್ಕೆ ಅದು ಪುರಾವೆಯಲ್ಲ. ಆದರೂ ಹಾಸಿಗೆ ಪಕ್ಕ ನಿಂತು ಆಸ್ತಿ ವಿಚಾರ ಎತ್ತದಿರಲು ಇಷ್ಟು ಸಾಕು.

ಏನು ಬೇಕು, ಏನು ಬೇಡ ಎಂದು ಅಮ್ಮನನ್ನೇ ಕೇಳುವ ಕಾಲ ಇದಕ್ಕೆಲ್ಲ ಮುಂಚೆ ಬರುತ್ತದೆ. "ಅವರಿಗೆ ಹೇಳ್ಬೇಡಿ ಡಾಕ್ಟ್ರೇ" ಎನ್ನುವುದರಲ್ಲಿ ನಾವು ಆ ಕಾಲವನ್ನು ಕಳೆದುಬಿಡುತ್ತೇವೆ. ವೆಂಟಿಲೇಟರ್ ಬೇಡ ಎಂಬಂಥ ಇಚ್ಛೆಯನ್ನು ಮುಂಚೆಯೇ ಬರೆದಿಡುವುದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ಕೊಟ್ಟಿತು. 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ತಮ್ಮ ಪರವಾಗಿ ತೀರ್ಮಾನ ಹೇಳಬೇಕಾದವರ ಹೆಸರನ್ನೂ ಅದರಲ್ಲೇ ಬರೆಯಬೇಕು.