ಆ ಅರ್ಧ ಕಿಲೋ ಎಲ್ಲಿ ಹೋಗುತ್ತದೆ?

ಮಡಿಕೇರಿಯಲ್ಲಿ ಕುಳಿತು ಒಂದು ಸಣ್ಣ ಸಾಫ್ಟ್‌ವೇರ್ ತಂಡವನ್ನು ನಡೆಸುತ್ತಿರುವ ನನ್ನನ್ನು ಪೊನ್ನಂಪೇಟೆ, ಕುಶಾಲನಗರಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೊದಲು ಕೇಳುವುದು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಜಾವಾ ಕಲಿಯಬೇಕೋ ಪೈಥಾನ್ ಕಲಿಯಬೇಕೋ ಎಂದು. ಎರಡರಲ್ಲಿ ಯಾವುದಾದರೂ ಆಗುತ್ತದೆ. ಒಂದನ್ನು ಚೆನ್ನಾಗಿ ಬಲ್ಲವರಿಗೆ ಇನ್ನೊಂದು ಕೆಲವು ತಿಂಗಳ ಮಾತು. ಹದಿನೇಳು ವರ್ಷ ಈ ಕೆಲಸ ಮಾಡಿದ ಮೇಲೆ ನಾನು ಹುಡುಕುವ ಗುಣವೇ ಬೇರೆ. ಅದನ್ನು ನನಗೆ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ನಮ್ಮದೇ ಕಾಫಿಯ ಲೆಕ್ಕ.

ರೊಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ ವ್ಯಾಪಾರ ನಡೆಯುವುದು 50 ಕಿಲೋ ಚೀಲದ ಮೇಲೆ. ಮಾದರಿ ತೆಗೆದು ಸಿಪ್ಪೆ ಬಿಡಿಸಿ ತೂಗಿದಾಗ ಚೀಲಕ್ಕೆ ಎಷ್ಟು ಕಿಲೋ ಬೀಜ ಬೀಳುತ್ತದೆ ಎಂಬುದೇ ಔಟ್‌ಟರ್ನ್. ಆ ಸಂಖ್ಯೆಯನ್ನು ಕಿಲೋ ದರದಿಂದ ಗುಣಿಸಿದರೆ ಚೀಲದ ಬೆಲೆ. ಕಾಫಿ ಖರೀದಿಸುವ ಒಬ್ಬರಿಗಾಗಿ ಈ ಲೆಕ್ಕದ ತಂತ್ರಾಂಶ ಬರೆಯುವಾಗ ನಾನು ಡೇಟಾಬೇಸಿನಲ್ಲಿ ಔಟ್‌ಟರ್ನ್ ಕಾಲಮ್ಮನ್ನು ಪೂರ್ಣಾಂಕವಾಗಿ ಇಟ್ಟಿದ್ದೆ. ಲೆಕ್ಕ ಸರಿಯಿದೆಯೇ ಎಂದು ನೋಡುವ ಟೆಸ್ಟ್‌ಗಳೆಲ್ಲ ಪಾಸಾದವು, ಏಕೆಂದರೆ ಅವುಗಳಿಗೆ ನಾನೇ ಕೊಟ್ಟಿದ್ದ ಸಂಖ್ಯೆಗಳು 26, 27, 28 ಮಾತ್ರ. ಹಿರಿಯ ಸಹೋದ್ಯೋಗಿಯೊಬ್ಬರು ನೋಡಿ ಒಪ್ಪಿಗೆಯನ್ನೂ ಕೊಟ್ಟಿದ್ದರು. ಆಗ ತಂಡಕ್ಕೆ ಸೇರಿ ನಾಲ್ಕೇ ತಿಂಗಳಾಗಿದ್ದ, ನಾಪೋಕ್ಲು ಕಡೆಯ ಬೆಳೆಗಾರರ ಮನೆಯ ಹುಡುಗಿ ಕೋಡ್ ರಿವ್ಯೂನಲ್ಲಿ, ಅಂದರೆ ಒಬ್ಬರ ಕೋಡನ್ನು ಇತರರು ಓದಿ ಪರಿಶೀಲಿಸುವಾಗ, ಹೀಗೆ ಬರೆದಳು: "ಸರ್, ಹೋದ ವರ್ಷ ನಮ್ಮ ಮನೆಯ ಕಾಫಿಗೆ 26.5 ಬಂದಿತ್ತು. ಇದರಲ್ಲಿ ಆ ಅರ್ಧ ಕಿಲೋ ಎಲ್ಲಿ ಹೋಗುತ್ತದೆ?"

ಆ ಅರ್ಧ ಎಲ್ಲಿಗೂ ಹೋಗುತ್ತಿರಲಿಲ್ಲ, ಸುಮ್ಮನೆ ಅಳಿದುಹೋಗುತ್ತಿತ್ತು. 200 ಚೀಲ ಮಾರುವ ಬೆಳೆಗಾರನಿಗೆ ಅದು 100 ಕಿಲೋ ಬೀಜ. ಕಿಲೋಗೆ 400 ರೂಪಾಯಿ ಎಂದು ಹಿಡಿದರೆ 40,000 ರೂಪಾಯಿ. ಹಣ ಕಳೆದುಕೊಂಡವನಿಗೆ ಕಳೆದದ್ದು ಗೊತ್ತೂ ಆಗುತ್ತಿರಲಿಲ್ಲ.

ಆಕೆಗೆ ಕಾಫಿ ಗೊತ್ತಿದ್ದದ್ದು ಅನುಕೂಲವಾಯಿತು, ನಿಜ. ಆದರೆ ಕಾಫಿ ನಮ್ಮೆಲ್ಲರಿಗೂ ಗೊತ್ತಿತ್ತು. ಕೋಡಿನಲ್ಲಿರುವ ಸಂಖ್ಯೆಯ ಹಿಂದೆ ನಿಜವಾದ ಒಂದು ಚೀಲವನ್ನು ಕಂಡವಳು, ದೊಡ್ಡವರು ಒಪ್ಪಿದ್ದಾರೆಂದು ಸುಮ್ಮನಾಗದೆ, ಯಾರನ್ನೂ ಚುಚ್ಚದೆ, ಕೇಳಬೇಕಾದ್ದನ್ನು ಕೇಳಿದವಳು ಆಕೆಯೊಬ್ಬಳೇ. ಒಳ್ಳೆಯ ಪ್ರೋಗ್ರಾಮರ್ ಎಂದರೆ ನನ್ನ ಮಟ್ಟಿಗೆ ಇದೇ.

ಇಂಥ ಪ್ರಶ್ನೆ ಹುಟ್ಟಿಯೂ ಸರಿಯಾದವರನ್ನು ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯ ಕಥೆಯಿದೆ. ಒಂದು ತಂಡದ ತಂತ್ರಾಂಶ ನೂಕುಬಲದ ಲೆಕ್ಕವನ್ನು ಪೌಂಡ್‌ಗಳಲ್ಲಿ ಕೊಟ್ಟಿತು, ಇನ್ನೊಂದು ತಂಡ ಅದನ್ನು ನ್ಯೂಟನ್ ಎಂದೇ ಓದಿಕೊಂಡಿತು. ಎರಡರ ನಡುವಿನ ಅಂತರ ಸುಮಾರು 4.45 ಪಟ್ಟು. 1999ರ ಸೆಪ್ಟೆಂಬರ್ 23ರಂದು ನೌಕೆ ಮಂಗಳಕ್ಕೆ ತೀರ ಹತ್ತಿರ ಹೋಗಿ ನಾಶವಾಯಿತು. ಪಥದ ಲೆಕ್ಕ ಹೊಂದುತ್ತಿಲ್ಲವೆಂಬ ಅನುಮಾನ ಕೆಲವರಿಗೆ ಮೊದಲೇ ಬಂದಿತ್ತು, ಅದನ್ನು ಕೊನೆಮುಟ್ಟಿಸಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಂತು. ನನಗೆ ಲೆಕ್ಕದ ತಪ್ಪಿಗಿಂತ ಹೆಚ್ಚು ನೋವು ಕೊಟ್ಟ ಸಂಗತಿ ಅದು.

ಕೇಳುವುದರ ಜೊತೆಗೆ ಬರೆದಿಡುವುದೂ ಬೇಕು, ನಮ್ಮ ಜಿಲ್ಲೆಯಲ್ಲಂತೂ ಮಳೆಗಾಲವೇ ಅದನ್ನು ಕಲಿಸುತ್ತದೆ. ಜುಲೈ ತಿಂಗಳಲ್ಲಿ ಮರ ಬಿದ್ದು ತಂತಿ ಹರಿದರೆ ಮೊದಲು ಕರೆಂಟ್, ಆಮೇಲೆ ಇನ್ವರ್ಟರ್, ಕೊನೆಗೆ ಮೊಬೈಲ್ ಟವರ್ ಕೂಡ ಕೈಕೊಡುತ್ತದೆ. ಕೋಡ್ ಬರೆದವರನ್ನು ಕೇಳೋಣವೆಂದರೆ ಅವರು ಸಿಗುವುದಿಲ್ಲ. ಕೋಡಿನ ಪ್ರತಿ ಬದಲಾವಣೆಯನ್ನೂ ಟಿಪ್ಪಣಿಯೊಂದಿಗೆ ದಾಖಲಿಸುವ ಗಿಟ್‌ನ ಕಮಿಟ್‌ನಲ್ಲಿ "ಸರಿಪಡಿಸಿದೆ" ಎಂದಷ್ಟೇ ಬರೆದು ಎದ್ದುಹೋಗುವವರು ಎಷ್ಟೇ ಜಾಣರಾಗಿರಲಿ, ಅವರ ಜಾಣತನ ಅಂಥ ದಿನ ತಂಡಕ್ಕೆ ದಕ್ಕುವುದಿಲ್ಲ.

ಔಟ್‌ಟರ್ನ್ ತಿದ್ದುವ ಕೆಲಸವನ್ನು ಆಕೆಯೇ ಮಾಡಿದಳು. ಕಿಲೋ ಬದಲು ಗ್ರಾಂ ಲೆಕ್ಕದಲ್ಲಿ ಇಟ್ಟು, 26.5 ಬಳಸಿ ಒಂದು ಟೆಸ್ಟ್ ಸೇರಿಸಿ, 26.3ರಂಥ ದಶಮಾಂಶವನ್ನು ಕಂಪ್ಯೂಟರಿನ ದ್ವಿಮಾನ ಪದ್ಧತಿ ನಿಖರವಾಗಿ ಹಿಡಿದಿಡಲಾರದು, ಆದ್ದರಿಂದ ಗ್ರಾಂ ಎಂದು ಕಮಿಟ್‌ನಲ್ಲಿ ಕಾರಣವನ್ನೂ ಬರೆದಳು. ಮುಂದಿನ ಮಳೆಗಾಲದಲ್ಲಿ ನಾಪೋಕ್ಲು ಕಡೆ ಎರಡು ದಿನ ಸಂಪರ್ಕ ಕಡಿದಿದ್ದಾಗ, ಮೈಸೂರಿನಿಂದ ಕೆಲಸ ಮಾಡುವ ಹೊಸಬರೊಬ್ಬರು ಡೇಟಾಬೇಸಿನಲ್ಲಿ 26500 ಎಂಬುದನ್ನು ಕಂಡು, ಇದು ತಪ್ಪಿರಬೇಕೆಂದು ತಿದ್ದಲು ಹೊರಟು, ಕಮಿಟ್‌ನ ಆ ನಾಲ್ಕು ಸಾಲು ಓದಿ ಹಾಗೆಯೇ ಬಿಟ್ಟರು. ಮೂರನೆಯ ದಿನ ಕರೆಂಟ್ ಬಂದು ಆಕೆ ಲ್ಯಾಪ್‌ಟಾಪ್ ತೆರೆದಾಗ ಆಕೆಗಾಗಿ ಒಂದು ಪ್ರಶ್ನೆಯೂ ಕಾದಿರಲಿಲ್ಲ.