ಹುಚ್ಚೆಳ್ಳು: ಎಳ್ಳಲ್ಲದ ಗೈಜೋಟಿಯಾ

ಬೆಂಗಳೂರಿನ ದಿನಸಿ ಅಂಗಡಿಗಳಲ್ಲಿ ಚಟ್ನಿಪುಡಿಗೆಂದೋ ಎಣ್ಣೆಗಾಯಿಗೆಂದೋ ಕೊಳ್ಳುವ ಹುಚ್ಚೆಳ್ಳಿಗೂ ಎಳ್ಳಿಗೂ ಸಸ್ಯಶಾಸ್ತ್ರದಲ್ಲಿ ಹತ್ತಿರದ ಸಂಬಂಧವಿಲ್ಲ. ಇದು ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂಗಳಿರುವ ಆಸ್ಟರೇಸೀ ಕುಟುಂಬದ ಗಿಡ. ಇದರ ಕುಲ ಗೈಜೋಟಿಯಾ.

ಬಹಳ ಚಿಕ್ಕ ಕುಲವಿದು. ಸಾಮಾನ್ಯವಾಗಿ ಆರು ಪ್ರಭೇದಗಳನ್ನು ಗುರುತಿಸುತ್ತಾರೆ. ಎಲ್ಲವುಗಳ ತವರೂ ಆಫ್ರಿಕಾ. ಫ್ರೆಂಚ್ ಸಸ್ಯವಿಜ್ಞಾನಿ ಕಸೀನಿ 1829ರಲ್ಲಿ ಇತಿಹಾಸಕಾರ ಫ್ರಾನ್ಸ್ವಾ ಗಿಜೋನ ಗೌರವಕ್ಕೆ ಕುಲಕ್ಕೆ ಈ ಹೆಸರಿಟ್ಟ. ಬೇಸಾಯಕ್ಕೆ ಬಂದಿರುವುದು ಗೈಜೋಟಿಯಾ ಅಬಿಸಿನಿಕಾ ಎಂಬ ಏಕವಾರ್ಷಿಕ ಮೂಲಿಕೆ ಮಾತ್ರ. ಇಥಿಯೋಪಿಯಾದಲ್ಲಿ ಇದನ್ನು ನೂಗ್ ಎನ್ನುತ್ತಾರೆ. ಅಲ್ಲಿ ಇದು ಅಡುಗೆ ಎಣ್ಣೆಯ ಮುಖ್ಯ ಬೆಳೆ.

ಇದರ ಹಳದಿ ಹೂವನ್ನು ಬೆರಳಿನಿಂದ ಬಿಡಿಸಿ ನೋಡಬೇಕು. ನಾವು ಒಂದು ಹೂ ಎನ್ನುವುದು ಹಲವು ಹೂಗಳ ಗೊಂಚಲು. ಅಂಚಿನಲ್ಲಿ ಎಸಳಿನಂತೆ ಹರಡಿಕೊಂಡ ಎಂಟರಷ್ಟು ನಾಲಗೆಗಳಿರುತ್ತವೆ. ಒಂದೊಂದೂ ಒಂದು ಹೆಣ್ಣು ಹೂ. ನಡುವೆ ಒತ್ತೊತ್ತಾಗಿ ನಿಂತ 40ರಿಂದ 60 ಕೊಳವೆ ಹೂಗಳಲ್ಲಿ ಗಂಡು, ಹೆಣ್ಣು ಎರಡೂ ಭಾಗಗಳಿವೆ. ಕೊಳವೆಯೊಳಗೆ ಪರಾಗಕೋಶಗಳು ಒಂದಕ್ಕೊಂದು ಅಂಟಿ ಇನ್ನೊಂದು ನಳಿಗೆಯಾಗಿರುತ್ತವೆ. ಪರಾಗ ಉದುರುವುದು ಆ ನಳಿಗೆಯ ಒಳಗೇ. ಹೂವಿನ ಹೆಣ್ಣು ಭಾಗದ ಕಡ್ಡಿಯಾದ ಶಲಾಕೆ ಬೆಳೆಯುತ್ತಾ ಸೀಸೆ ತೊಳೆಯುವ ಬ್ರಷ್‌ನಂತೆ ಅದನ್ನು ಮೇಲಕ್ಕೆ ತಳ್ಳಿ ಹೊರಹಾಕುತ್ತದೆ. ಆಮೇಲಷ್ಟೇ ತನ್ನ ತುದಿಯ ಎರಡು ಕವಲುಗಳನ್ನು ಬಿಚ್ಚಿ ಬೇರೆ ಗಿಡದ ಪರಾಗಕ್ಕೆ ಕಾಯುತ್ತದೆ. ಸ್ವಂತ ಪರಾಗದಿಂದ ಕಾಳು ಕಟ್ಟುವುದು ತೀರಾ ಕಡಿಮೆ. ಹಾಗಾಗಿ ಈ ಬೆಳೆಗೆ ಜೇನುನೊಣ ಬೇಕೇ ಬೇಕು. ಕೈತೋಟದಲ್ಲಿ ಬೆಳೆಸುವ ಆಸೆಯಿದ್ದವರು ಒಂಟಿ ಗಿಡ ಹಾಕದೆ ಹತ್ತಾರು ಗಿಡಗಳನ್ನು ಒಟ್ಟಿಗೆ ಬೆಳೆಸುವುದು ಒಳ್ಳೆಯದು.

ನಾವು ಹುರಿದು ಪುಡಿ ಮಾಡುವ ಕಪ್ಪು, ಹೊಳೆಯುವ ಕಾಳು ಬರಿಯ ಬೀಜವಲ್ಲ, ಒಂದೇ ಬೀಜವಿರುವ ಒಣ ಹಣ್ಣು. ಉದ್ದ 3ರಿಂದ 5 ಮಿಲಿಮೀಟರ್. ಬೆಂಗಳೂರಿನ ಫುಟ್‌ಪಾತ್ ಬದಿಯಲ್ಲಿ ಬೆಳೆಯುವ ಟ್ರೈಡ್ಯಾಕ್ಸ್ ಕೂಡ ಇದೇ ಕುಟುಂಬದ್ದು. ಅದರ ಕಾಳಿಗೆ ಗಾಳಿಯಲ್ಲಿ ತೇಲಲು ರೋಮದ ಕುಚ್ಚಿದೆ. ಹುಚ್ಚೆಳ್ಳಿಗೆ ಅದಿಲ್ಲ. ಕಾಳಿನ ತೂಕದಲ್ಲಿ ನೂರಕ್ಕೆ ಸುಮಾರು 30ರಿಂದ 40 ಭಾಗ ಎಣ್ಣೆ, ಅದರಲ್ಲಿ ಹೆಚ್ಚಿನ ಪಾಲು ಲಿನೋಲಿಯಿಕ್ ಆಮ್ಲವೆಂಬ ಕೊಬ್ಬಿನಾಮ್ಲ.

ಬೆಂಗಳೂರಿನ ಸುತ್ತಲ ರಾಗಿ ಸೀಮೆಯಲ್ಲಿ ಹುಚ್ಚೆಳ್ಳಿಗೆ ಜಾಗ ರಾಗಿಯ ನಡುವೆ ಬೇರೆ ಬೆಳೆ ಬಿತ್ತುವ ಅಕ್ಕಡಿ ಸಾಲಿನಲ್ಲಿ, ಅವರೆ, ತೊಗರಿಗಳ ಜೊತೆ. ದನಗಳು ಇದರ ಸೊಪ್ಪನ್ನು ಇಷ್ಟಪಡುವುದಿಲ್ಲ, ಆದ್ದರಿಂದ ಹೊಲದ ಅಂಚಿಗೂ ಹೊಂದುತ್ತದೆ. ರಾಗಿಯದು ಹೆಚ್ಚಾಗಿ ಸ್ವಂತ ಪರಾಗದಿಂದಲೇ ಕಾಳು ಕಟ್ಟುವ ತೆನೆ. ಅಂಥ ಹೊಲಕ್ಕೆ ಜೇನನ್ನು ಕರೆತರುವುದು ಈ ಹಳದಿ ಸಾಲು. ರಾಗಿಯೊಂದನ್ನೇ ಬಿತ್ತುವ ಕಡೆ ಅಕ್ಕಡಿಯನ್ನು ಮರಳಿ ತರಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಚಟ್ನಿಪುಡಿಯ ರುಚಿಯಷ್ಟೇ ಇದೂ ಕಾರಣ.