ಆಲ್ಕೋ ಎಂಜಿನ್‌ಗಳನ್ನು ಮನೆಗೆ ಕಳಿಸಿದ್ದು ವಯಸ್ಸಲ್ಲ

ಗೂಡ್ಸ್ ಗಾಡಿ ಹೊರಡುವಾಗ ಎಂಜಿನ್ ನೆತ್ತಿಯಿಂದ ಗುಪ್ಪೆಂದು ಕಪ್ಪು ಹೊಗೆ ಏಳುತ್ತಿತ್ತಲ್ಲ, ಅದು ಆಲ್ಕೋ ಡೀಸೆಲ್ ಎಂಜಿನ್. ಡ್ರೈವರ್ ನಾಚ್, ಅಂದರೆ ಎಂಜಿನ್ ಶಕ್ತಿ ಹೆಚ್ಚಿಸುವ ಹಿಡಿಯ ಹಂತ, ಏರಿಸಿದ ಕೂಡಲೇ ಡೀಸೆಲ್ ಒಳಗೆ ನುಗ್ಗುತ್ತದೆ, ಆದರೆ ಗಾಳಿ ತುಂಬಬೇಕಾದ ಟರ್ಬೊ ಇನ್ನೂ ವೇಗ ಹಿಡಿದಿರುವುದಿಲ್ಲ. ಗಾಳಿ ಸಾಲದೆ ಅರ್ಧಂಬರ್ಧ ಉರಿದ ಡೀಸೆಲ್ಲೇ ಆ ಹೊಗೆ. ನಮಗೆ ಅದೇ ಚೆಂದ, ಹಳಿ ಪಕ್ಕದ ಮನೆಯವರಿಗೆ ಒಣಗಿ ಹಾಕಿದ ಬಟ್ಟೆಯ ಚಿಂತೆ.

ಕಥೆ ಶುರುವಾಗಿದ್ದು 1962ರಲ್ಲಿ. ಅಮೆರಿಕದ ಎರಡು ಕಂಪನಿಗಳ ಎಂಜಿನ್ ಒಟ್ಟಿಗೇ ಬಂದವು. ಆಲ್ಕೋದ್ದು ಡಬ್ಲ್ಯುಡಿಎಂ-2, ಜನರಲ್ ಮೋಟಾರ್ಸ್‌ನದು ಡಬ್ಲ್ಯುಡಿಎಂ-4. ಎರಡನೆಯದೇ ಮೇಲು ಅಂತ ಹೇಳುವವರು ಈಗಲೂ ಇದ್ದಾರೆ. ಆದರೆ ತಂತ್ರಜ್ಞಾನ ಬಿಟ್ಟುಕೊಡಲು ಒಪ್ಪಿದ್ದು ಆಲ್ಕೋ, ಹಾಗಾಗಿ ಗೆದ್ದದ್ದೂ ಅದೇ. 1964ರಿಂದ ವಾರಾಣಸಿಯಲ್ಲಿ ಇಲ್ಲಿಯದೇ ತಯಾರಿಕೆ. ತಮಾಷೆ ನೋಡಿ, 1969ರಲ್ಲಿ ಆಲ್ಕೋ ಕಂಪನಿಯೇ ಬಾಗಿಲು ಹಾಕಿತು, ಅದರ ಎಂಜಿನ್ ಮಾತ್ರ ನಮ್ಮಲ್ಲಿ ದಶಕಗಟ್ಟಲೆ ಹುಟ್ಟುತ್ತಲೇ ಇತ್ತು! 2600 ಅಶ್ವಶಕ್ತಿಯದ್ದು ಬೆಳೆದು, 1990ರ ದಶಕದಲ್ಲಿ ಗೂಡ್ಸ್‌ಗೆಂದೇ 3100 ಅಶ್ವಶಕ್ತಿಯ ಡಬ್ಲ್ಯುಡಿಜಿ-3ಎ ಆಯಿತು. ನಮ್ಮ ಕೃಷ್ಣರಾಜಪುರ ಶೆಡ್‌ನಲ್ಲೂ ಇವು ಇದ್ದವು.

ಅಷ್ಟರಲ್ಲಿ ಜನರಲ್ ಮೋಟಾರ್ಸ್ ಮತ್ತೆ ಬಂತು, ಈ ಸಲ ತಂತ್ರಜ್ಞಾನ ಕೊಟ್ಟೇ. 1999ರಲ್ಲಿ ಬಂದ 4000 ಅಶ್ವಶಕ್ತಿಯ ಡಬ್ಲ್ಯುಡಿಜಿ-4ಗಳಿಗೆ ಹುಬ್ಬಳ್ಳಿಯೇ ಮೊದಲ ಮನೆ. ಗೋವಾದ ಕುಳೆಂನಿಂದ ಘಾಟ್ ಮೇಲಿನ ಕ್ಯಾಸಲ್ ರಾಕ್‌ಗೆ 37ಕ್ಕೆ 1ರ ಏರು, ಅಂದರೆ 37 ಮೀಟರ್ ಸಾಗಿದರೆ ಒಂದು ಮೀಟರ್ ಮೇಲೆ. ಮುರಗಾಂವ್ ಬಂದರಿನ ಕಲ್ಲಿದ್ದಲು ಹೊತ್ತ ಗಾಡಿಯನ್ನು ಅಲ್ಲಿ ಮೇಲೆತ್ತಲು ಹಿಂದೆ ಬ್ಯಾಂಕರ್, ಅಂದರೆ ತಳ್ಳುವ ಎಂಜಿನ್, ಹಾಕಿ ದೂಡಲೇಬೇಕು. ಅಂಥ ಕಡೆ ಚಕ್ರ ಜಾರದೆ ಹಿಡಿಯುವ ಹೊಸ ಎಂಜಿನ್ ಎದುರು ಆಲ್ಕೋ ಸಪ್ಪೆಯಾಯಿತು.

ಆದರೂ ಅದನ್ನು ಮುಗಿಸಿದ್ದು ಈ ಪೈಪೋಟಿ ಅಲ್ಲ, ತಲೆ ಮೇಲಿನ ತಂತಿ. 2018ರ ಸೆಪ್ಟೆಂಬರ್‌ನಲ್ಲಿ ಉಳಿದ ಬ್ರಾಡ್‌ಗೇಜ್ ಹಳಿಗಳನ್ನೆಲ್ಲ ವಿದ್ಯುದೀಕರಿಸಲು ಕೇಂದ್ರ ಸಂಪುಟ ಒಪ್ಪಿತು. ವಾರಾಣಸಿ ಕಾರ್ಖಾನೆಯ ಹೆಸರಿನಿಂದ 2020ರಲ್ಲಿ ‘ಡೀಸೆಲ್’ ಪದವೇ ಹೋಯಿತು. ರೈಲ್ವೆ ಲೆಕ್ಕದಲ್ಲಿ ಡೀಸೆಲ್ ಎಂಜಿನ್ ಆಯಸ್ಸು 36 ವರ್ಷ, 2000ದ ನಂತರ ಹುಟ್ಟಿದ ಡಬ್ಲ್ಯುಡಿಜಿ-3ಎಗಳಿಗೆ ಅದರ ಅರ್ಧವೂ ಆಗಿರಲಿಲ್ಲ ಆಗ. ಅವನ್ನು ಏನು ಮಾಡೋದು? ವಾರಾಣಸಿಯವರು ಎರಡು ಹಳೆಯ ಡೀಸೆಲ್ ಎಂಜಿನ್ ಜೋಡಿಸಿ, 69 ದಿನಗಳಲ್ಲಿ 10,000 ಅಶ್ವಶಕ್ತಿಯ ವಿದ್ಯುತ್ ಎಂಜಿನ್ ಮಾಡಿ ತೋರಿಸಿದರು. 2019ರ ಫೆಬ್ರವರಿಯಲ್ಲಿ ಪ್ರಧಾನಿ ಮೋದಿ ಹಸಿರು ಬಾವುಟ ಬೀಸಿದರು. ಸಾಹಸ ನಿಜ, ಆದರೆ ಅದೇನೂ ಎಲ್ಲ ಎಂಜಿನ್‌ಗಳ ದಾರಿಯಾಗಲಿಲ್ಲ. ಹೊಸ ವಿದ್ಯುತ್ ಎಂಜಿನ್ನೇ ಕಾರ್ಖಾನೆಗಳಿಂದ ಸಾಲುಸಾಲಾಗಿ ಬರುತ್ತಿರುವಾಗ ಹಳೆಯದನ್ನು ಬಿಚ್ಚಿ ಕಟ್ಟುವುದು ಯಾರಿಗೆ ಬೇಕು, ಅಲ್ವಾ?

ನಮ್ಮಲ್ಲಿ ಡೀಸೆಲ್‌ಗೆ ಜಾಸ್ತಿ ದಿನ ಆಸರೆಯಾಗಿದ್ದು ಘಾಟ್‌ಗಳು. ಬಯಲಿಗೆ ತಂತಿ ಬಂದ ಮೇಲೂ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿ.ಮೀ. ಬಾಕಿಯೇ ಇತ್ತು. 57 ಸುರಂಗ, ಮೇಲೆ ಮಳೆ, ಕುಸಿಯುವ ಗುಡ್ಡ. ಸುಮ್ನೆ ಹೋಗಿ ಕಂಬ ನೆಟ್ಟು ಬರುವ ಜಾಗವಲ್ಲ ಅದು.

ಬಹುಪಾಲು ಆಲ್ಕೋಗಳು ಗುಜರಿಗೆ ಹೋದವು. ಸ್ವಲ್ಪ ಅದೃಷ್ಟವಿದ್ದ, ಆಲ್ಕೋ ವಂಶದ್ದೇ ಆದ ಹತ್ತು ಡಬ್ಲ್ಯುಡಿಎಂ-3ಡಿಗಳು 2020ರ ಜುಲೈನಲ್ಲಿ ಪಶ್ಚಿಮ ಬಂಗಾಳದ ಗೆದೆ ಗಡಿ ದಾಟಿ ಬಾಂಗ್ಲಾದೇಶ ಸೇರಿದವು. 2023ರ ಮೇನಲ್ಲಿ ಇನ್ನೂ ಇಪ್ಪತ್ತು ಎಂಜಿನ್‌ಗಳನ್ನು ಆ ದೇಶಕ್ಕೆ ಕೊಟ್ಟರು.